ಟೈಪು ಮಾಡಿದ ಕೈ, ಹೇಳಿದ ಬಾಯಿ

ಹೋದ ವರ್ಷ ನಾವು ಐದು ಜನ ಸೇರಿ ಒಂದು ಪ್ರಬಂಧ ಬರೆದೆವು. ಕೆಲಸ ಮಾಡುತ್ತಲೇ ಓದುವವರಿಗಾಗಿ ಇರುವ ಒಂದು ಕೋರ್ಸಿನ ಗುಂಪು ಅಸೈನ್‌ಮೆಂಟು ಅದು. ವಿಷಯ, ಮುಂಬಯಿಯ ಕನ್ನಡ ರಾತ್ರಿಶಾಲೆಗಳು. ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಪುಸ್ತಕ ಹಿಡಿದು ಹೋಗುತ್ತಿದ್ದ ಶಾಲೆಗಳವು. ನಮ್ಮಲ್ಲಿ ಒಬ್ಬಳು ಹುಬ್ಬಳ್ಳಿಯವಳು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಇನ್ನೊಬ್ಬಳು ಪುತ್ತೂರಿನ ಕಡೆಯವಳು, ಠಾಣೆಯಲ್ಲಿ ಬ್ಯಾಂಕು. ವಾಶಿಯ ಹುಡುಗ ಮುಂಬಯಿಯಲ್ಲೇ ಹುಟ್ಟಿದವನು, ಇಪ್ಪತ್ತು ದಾಟಿದ ಮೇಲೆ ಕನ್ನಡ ಅಕ್ಷರ ಕಲಿತವನು. ನಾನು ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿಯುವವನು. ಐದನೆಯವರು ಮೀರಾ ರೋಡಿನ ಹಿರಿಯರು. ಕಾರ್ಕಳದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲೇ ಓದಿದವರು. ನಮಗೆಲ್ಲ ಅವರು ‘ಅಣ್ಣ’.

ಐವರೂ ಒಟ್ಟಿಗೆ ಕೂರುವುದು ಆಗದ ಮಾತು. ಹಾಗಾಗಿ ನಾಲ್ಕು ತಿಂಗಳು ಒಂದಾದ ಮೇಲೊಂದು ಆನ್‌ಲೈನ್ ಉಪಕರಣವನ್ನು ಪ್ರಯೋಗಿಸಿದೆವು. ಕೊನೆಗೆ ಪ್ರಬಂಧವೇನೋ ಚೆನ್ನಾಗಿಯೇ ಆಯಿತು. ಆದರೆ ವೈಯಕ್ತಿಕ ಕೊಡುಗೆಗೆಂದು ಇದ್ದ 20 ಅಂಕಗಳನ್ನು ಮೌಲ್ಯಮಾಪಕರು ಡಾಕ್ಯುಮೆಂಟಿನ ವರ್ಶನ್ ಹಿಸ್ಟರಿ ತೆರೆದು ನೋಡಿ ಹಂಚಿದರು. ನನಗೆ 18 ಬಂತು, ಅಣ್ಣನಿಗೆ 7.

ಒಂಬತ್ತು ಜನರನ್ನು ಹುಡುಕಿ, ಅವರ ಮನೆಗೆ ಹೋಗಿ, ಮಾತಾಡಿಸಿ ಬಂದವರು ಅಣ್ಣ. ಅವರು ಬರೆದದ್ದು ಪೆನ್ನಿನಲ್ಲಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಪುಟಗಳ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಹಿಸ್ಟರಿಯಲ್ಲಿ ಆ ಸಾಲುಗಳಿಗೆಲ್ಲ ನನ್ನ ಬಣ್ಣ. ಅಂದಿನಿಂದ ಈ ಉಪಕರಣಗಳನ್ನು ಒಂದು ಕೃತಿಯನ್ನು ವಿಮರ್ಶಿಸುವ ಹಾಗೆ ಓದಬೇಕು ಅನ್ನಿಸುತ್ತಿದೆ. ಬರವಣಿಗೆ ಎಂದರೇನು, ಬರೆದವರು ಯಾರು ಎಂಬುದರ ಬಗ್ಗೆ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಒಂದು ಅಭಿಪ್ರಾಯವಿದೆ. ಅದು ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ.

ಮೊದಲು ಗೂಗಲ್ ಡಾಕ್ಸ್. ದೂರದಲ್ಲಿರುವ ಇಬ್ಬರು ಒಂದೇ ಪರದೆಯ ಮೇಲೆ ಕೆಲಸ ಮಾಡಬಹುದೆಂದು ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿ ತೋರಿಸಿದ್ದರು. ಅದು ನಮ್ಮಂಥವರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ರೈಟ್ಲಿ ಎಂಬ ಸಣ್ಣ ಕಂಪನಿಯನ್ನು ಗೂಗಲ್ 2006ರಲ್ಲಿ ಕೊಂಡುಕೊಂಡಿತು, ಡಾಕ್ಸ್ ಹುಟ್ಟಿದ್ದು ಅದರಿಂದ. ಈಗ ಯಾರು ಎಲ್ಲಿ ಬರೆಯುತ್ತಿದ್ದಾರೆ ಎಂಬುದು ಬಣ್ಣದ ಕರ್ಸರಿನಲ್ಲಿ ಕಾಣುತ್ತದೆ. ಒಂದೇ ಪ್ರತಿ, ಎಲ್ಲರಿಗೂ ಅದೇ. ‘ಫೈನಲ್’, ‘ಫೈನಲ್ ಎರಡು’, ‘ನಿಜವಾದ ಫೈನಲ್’ ಎಂದು ಮೇಲ್ ಮಾಡಿಕೊಂಡು ಒದ್ದಾಡಿದವರಿಗೆ ಇದು ಎಂಥ ಉಪಕಾರವೆಂದು ಗೊತ್ತು.

ಆದರೆ ಅದೇ ಕರ್ಸರು ವಾಶಿಯ ಹುಡುಗನ ಕೈ ಕಟ್ಟಿಹಾಕಿತು. ಅವನು ಒತ್ತಕ್ಷರ ತಪ್ಪಿ, ಅಳಿಸಿ, ಮತ್ತೆ ಬರೆಯುವುದನ್ನು ನಾಲ್ವರು ನೋಡುತ್ತಿದ್ದೆವು. ಒಂದು ದಿನ ಅವನೇ ಹೇಳಿದ: “ನೀವೆಲ್ಲ ಲಾಗ್ಔಟ್ ಆದ ಮೇಲೆ ಬರೀತೀನಿ.” ರಾತ್ರಿ ಒಂದು ಗಂಟೆಗೆ ಬರೆಯುತ್ತಿದ್ದ. ಬೆಳಿಗ್ಗೆ ಲೋಕಲ್‌ನಲ್ಲಿ ಕೂತು ನಾನು ಅದನ್ನು ‘ಸರಿ’ ಮಾಡುತ್ತಿದ್ದೆ. ಹೀಗೆ ಅವನ ಸಾಲುಗಳಿಗೂ ಅರ್ಧ ನನ್ನ ಬಣ್ಣ ಬಂತು.

ಹಿಸ್ಟರಿ ಸುಳ್ಳು ಹೇಳುವುದಿಲ್ಲ. ಯಾವ ಖಾತೆಯಿಂದ, ಯಾವಾಗ, ಯಾವ ಅಕ್ಷರ ಬಂತು ಎಂಬುದಷ್ಟೇ ಅದಕ್ಕೆ ಗೊತ್ತು. ಬೇರೆಯವರ ಬರಹವನ್ನು ತಂದು ಅಂಟಿಸಿದರೂ ಅಂಟಿಸಿದವನ ಹೆಸರೇ ಬರುತ್ತದೆ. ಈಥರ್‌ಪ್ಯಾಡ್ ಇದಕ್ಕಿಂತ ನೇರ. 2008ರಲ್ಲಿ ಬಂದ ಈ ಉಪಕರಣವನ್ನು ಮರುವರ್ಷವೇ ಗೂಗಲ್ ಕೊಂಡು, ಅದರ ಸಂಕೇತವನ್ನು ಮುಕ್ತವಾಗಿ ಬಿಟ್ಟಿತು. ಅದರಲ್ಲಿ ಬಣ್ಣ ಬರಹದ ಮೇಲೇ ಉಳಿದಿರುತ್ತದೆ. ಸ್ಲೈಡರ್ ಎಳೆದರೆ ಇಡೀ ಬರಹ ಮೊದಲ ಅಕ್ಷರದಿಂದ ಹೇಗೆ ಬೆಳೆಯಿತೆಂದು ಸಿನಿಮಾದ ಹಾಗೆ ನೋಡಬಹುದು. ನೋಡಿದೆವು. ಚಂದವೂ ಇತ್ತು. ಆದರೆ ಆ ಸಿನಿಮಾದಲ್ಲಿ ಕಂಡದ್ದು ಬೆರಳುಗಳು ಮಾತ್ರ. ವಿರಾರ್ ಲೋಕಲ್‌ನಲ್ಲಿ ನಿಂತುಕೊಂಡು ಹೋಗಿ ಎಂಬತ್ತು ದಾಟಿದ ಮೇಷ್ಟ್ರೊಬ್ಬರನ್ನು ಮಾತಾಡಿಸಿದ ಭಾನುವಾರ ಅದರಲ್ಲಿ ಇರಲಿಲ್ಲ.

ನಡುವೆ ಟಿಪ್ಪಣಿಯ ಆ್ಯಪ್‌ಗಳಿಗೂ ಮನಸೋತೆವು. ಹುಬ್ಬಳ್ಳಿಯ ಗೆಳತಿಗೆ ನೋಷನ್ ಇಷ್ಟ. ಅಲ್ಲಿ ಪ್ರತಿ ಪ್ಯಾರಾವೂ ಒಂದು ಬ್ಲಾಕು. ಎಳೆದು ಎಲ್ಲಿ ಬೇಕಾದರೂ ಕೂರಿಸಬಹುದು, ಪಟ್ಟಿ ಮಾಡಬಹುದು, ಕೋಷ್ಟಕ ಮಾಡಬಹುದು. ಶಾಲೆಯ ಹೆಸರು, ಪೇಟೆ, ಶುರುವಾದದ್ದು, ಮುಚ್ಚಿದ್ದು ಎಂದು ಕಾಲಂ ಹಾಕಿದಳು. “ಏನ್ ಚಂದ ಕಾಣಸ್ತೈತಿ ನೋಡ್ರಿ” ಅಂದಳು. ನಿಜ, ಚಂದ ಕಾಣುತ್ತಿತ್ತು. ಎರಡು ವಾರ ನಾವು ಆ ಕೋಷ್ಟಕದ ಬಣ್ಣ ಬದಲಿಸಿದ್ದೇ ಹೆಚ್ಚು. ಖಾಲಿ ಕಾಲಂ ಕಣ್ಣಿಗೆ ಬಿದ್ದರೆ ತುಂಬಬೇಕು ಅನ್ನಿಸುತ್ತದೆ. ಕಾಲಮ್ಮಿಗೆ ಹೊಂದದ ಮಾತು ಬಂದರೆ ಬಿಟ್ಟುಬಿಡೋಣ ಅನ್ನಿಸುತ್ತದೆ. ‘ಮೇಷ್ಟ್ರು ನಿದ್ದೆ ಬಂದ ಹುಡುಗರನ್ನು ಎಬ್ಬಿಸುತ್ತಿರಲಿಲ್ಲ’ ಎಂಬ ಅಣ್ಣನ ಟಿಪ್ಪಣಿಗೆ ನಮ್ಮಲ್ಲಿ ಕಾಲಂ ಇರಲಿಲ್ಲ.

ನಾನು ಅಬ್ಸಿಡಿಯನ್ ಪಕ್ಷದವನು. ಟಿಪ್ಪಣಿಗಳು ನಮ್ಮ ಕಂಪ್ಯೂಟರಿನಲ್ಲೇ ಸಾದಾ ಫೈಲಾಗಿ ಇರುತ್ತವೆ, ಕಂಪನಿ ಮುಚ್ಚಿದರೂ ಉಳಿಯುತ್ತವೆ. ಎವರ್‌ನೋಟ್ 2023ರ ಕೊನೆಗೆ ಉಚಿತ ಬಳಕೆದಾರರಿಗೆ 50 ಟಿಪ್ಪಣಿಯ ಮಿತಿ ಹಾಕಿದ್ದನ್ನು ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಇಂಥ ಉಪಕರಣಗಳ ಭಕ್ತರು ಉದಾಹರಿಸುವ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್, ತನ್ನ ಸುಮಾರು 90,000 ಚೀಟಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದ್ದು ಒಬ್ಬನೇ ಕೂತು. ಟಿಪ್ಪಣಿ ಎಂದರೆ ನಮಗೆ ನಾವೇ ಆಡಿಕೊಳ್ಳುವ ಅರೆಬರೆ ಮಾತು. ನಾಲ್ವರು ನೋಡುತ್ತಾರೆಂದು ಗೊತ್ತಾದ ಕೂಡಲೇ ಅದು ಇಸ್ತ್ರಿ ಹಾಕಿಕೊಂಡು ನಿಲ್ಲುತ್ತದೆ. ನಮ್ಮಲ್ಲಿ ಇಸ್ತ್ರಿ ಇಲ್ಲದೆ ಉಳಿದ ಟಿಪ್ಪಣಿ ಅಣ್ಣನ ನೋಟ್‌ಬುಕ್ಕಿನದು ಮಾತ್ರ.

ಇನ್ನು ಕನ್ನಡದ ಪಾಡು. ಪುತ್ತೂರಿನ ಗೆಳತಿಯ ಬಳಿ ನುಡಿಯಲ್ಲಿ ಟೈಪಾದ ಹಳೆಯ ಸ್ಮರಣಸಂಚಿಕೆಯ ಫೈಲೊಂದಿತ್ತು. ಯೂನಿಕೋಡ್‌ಗೆ ಮುಂಚಿನ ಆ ಫಾಂಟಿನ ಬರಹವನ್ನು ಡಾಕ್ಸಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಪರಿವರ್ತಕದಲ್ಲಿ ಹಾಕಿ ತೆಗೆದು, ಅರ್ಕಾವತ್ತುಗಳನ್ನು ಕೈಯಲ್ಲಿ ತಿದ್ದಿ ಒಂದು ವಾರ ಕೂತಳು. ಹುಡುಕಾಟವೂ ಹಾಗೇ. ಹೋಟೆಲ್, ಹೊಟೇಲ್, ಹೋಟೆಲು, ಹೋಟ್ಲು, ಓಟ್ಲು, ಇವೆಲ್ಲ ನಮಗೆ ಒಂದೇ ಪದ, ಯಂತ್ರಕ್ಕೆ ಐದು. ಪ್ರಬಂಧದಲ್ಲಿ ಒಂದೇ ರೂಪ ಇರಲಿ ಎಂದು ನಾನು ಒಂದು ರಾತ್ರಿ ಎಲ್ಲವನ್ನೂ ಹುಡುಕಿ ‘ರಿಪ್ಲೇಸ್ ಆಲ್’ ಒತ್ತಿದೆ. ಎಲ್ಲ ಹೋಟೆಲ್ ಆಯಿತು. “ನಾನು ಓಟ್ಲಿಗೆ ಸೇರಿದ್ದು ಏಳನೇ ಕ್ಲಾಸು ಬಿಟ್ಟು” ಎಂದು ಹೇಳಿದ್ದ ಮುದುಕರ ಮಾತೂ ಹೋಟೆಲ್ ಆಯಿತು. ಉದ್ಧರಣ ಚಿಹ್ನೆಯ ಒಳಗೆ ಅವರು ಆಡದ ಪದವನ್ನು ನಾನು ಇಟ್ಟಿದ್ದೆ. ಅದನ್ನು ಯಂತ್ರದ ತಲೆಗೆ ಕಟ್ಟಲಾರೆ. ಎಲ್ಲೆಲ್ಲಿಂದಲೋ ಬಂದ ನಾವು ಐವರು ಸೇರಿದಾಗ ಐದು ಕನ್ನಡ ಸೇರಿತ್ತು. ಪ್ರಬಂಧದಲ್ಲಿ ಉಳಿದದ್ದು ಒಂದೇ, ಅದೂ ನಮ್ಮ ಯಾರ ಮನೆಯದೂ ಅಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಡಾಕ್ಸಿನ ‘ರಿಸಾಲ್ವ್’ ಗುಂಡಿ. ಶಾಲೆಗಳು ಯಾಕೆ ಮುಚ್ಚಿದವು ಎಂಬ ಭಾಗದಲ್ಲಿ ನಾನು ಕನ್ನಡದ ಅವನತಿ, ಜಾಗತೀಕರಣ ಎಂದೆಲ್ಲ ಎರಡು ಪುಟ ಬರೆದಿದ್ದೆ. ಅಣ್ಣ ಮೊಬೈಲಿನಲ್ಲಿ ಕಷ್ಟಪಟ್ಟು ಒಂದು ಕಾಮೆಂಟು ಹಾಕಿದ್ದರು: “ಊರಲ್ಲೇ ಹೈಸ್ಕೂಲ್ ಆಯಿತು. ಮಕ್ಕಳು ಓಡಿ ಬರುವುದು ನಿಂತಿತು. ಅದು ಒಳ್ಳೆಯದಾಯಿತಲ್ಲ?” ನಾನು ‘ಗಮನಿಸಿದೆ’ ಎಂದು ಬರೆದು ರಿಸಾಲ್ವ್ ಒತ್ತಿದೆ. ಕಾಮೆಂಟು ಅಂಚಿನಿಂದ ಮಾಯವಾಯಿತು. ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ರಾತ್ರಿಶಾಲೆ ಮುಚ್ಚಿದ್ದನ್ನು ನಷ್ಟವೆಂದು ನಾವು ನಾಲ್ವರು ಗೋಳಾಡಿದೆವು. ಆ ಶಾಲೆಯಲ್ಲಿ ನಿಜವಾಗಿ ಓದಿದ ಒಬ್ಬರು, ಹದಿಮೂರರ ಹುಡುಗನಿಗೆ ಅಂಥ ಶಾಲೆಯ ಅಗತ್ಯವೇ ಬೀಳದಿರುವುದು ಒಳ್ಳೆಯದೆಂದು ಹೇಳಿದ್ದರು. ನಮ್ಮ ಪ್ರಬಂಧಕ್ಕೆ ಸಿಕ್ಕಬಹುದಾಗಿದ್ದ ಒಂದೇ ಒಂದು ಹೊಸ ವಿಚಾರವನ್ನು ನಾನು ಒಂದು ಗುಂಡಿಯಿಂದ ‘ಬಗೆಹರಿಸಿದ್ದೆ’.

ಬರೆದು ಅಳಿಸುವ ವಿಚಾರ ಕನ್ನಡಕ್ಕೆ ಹೊಸದಲ್ಲ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದು ತನ್ನ ಹೆಚ್ಚುಗಾರಿಕೆ ಎಂದು ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ಹಾಗೆ ಹೇಳಿಕೊಳ್ಳಬೇಕಾದರೆ ಉಳಿದವರೆಲ್ಲ ಹಲಗೆ ಬಳಪದವರೇ ಆಗಿದ್ದಿರಬೇಕು. ನಾವಂತೂ ಖಂಡಿತ ಆ ಸಾಲಿನವರು. ನಮ್ಮ ಹಲಗೆ ಮಾತ್ರ ಒರೆಸಿದ್ದನ್ನೂ ನೆನಪಿಟ್ಟುಕೊಳ್ಳುತ್ತದೆ.

ನಮಗೆ ಹತ್ತಿರದ ಮಾದರಿ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ, ಹೀಗೆ ನಾಲ್ವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬಂಥ ದೊಡ್ಡ ಪ್ರಶ್ನೆಯಲ್ಲೇ ಈ ಆವೃತ್ತಿಗಳು ಒಪ್ಪುವುದಿಲ್ಲ. ಆದರೂ ಒಂದು ಇನ್ನೊಂದನ್ನು ಅಳಿಸಲಿಲ್ಲ. ನಾಲ್ಕೂ ಉಳಿದವು, ನಾಲ್ವರ ಹೆಸರೂ ಉಳಿಯಿತು, ಅಲ್ಲಿನ ವಚನಗಳು ಆಯಾ ವಚನಕಾರರವಾಗಿಯೇ ಉಳಿದವು. ಜೋಡಿಸಿದವರು ಬೇರೆ, ನುಡಿದವರು ಬೇರೆ ಎಂಬ ವಿವೇಕ ಅಲ್ಲಿದೆ. ಸಂಪಾದಿಸು ಎಂದರೆ ಕನ್ನಡದಲ್ಲಿ ಗಳಿಸು ಎಂದೂ ಹೌದು. ನಾನು ಎಡಿಟ್ ಮಾಡಿ ಅಣ್ಣನ ಅಂಕ ಗಳಿಸಿದ್ದಕ್ಕೆ ಇದಕ್ಕಿಂತ ಸರಿಯಾದ ಪದ ಸಿಗಲಿಕ್ಕಿಲ್ಲ.

ಇಂದಿನ ಉಪಕರಣಗಳಲ್ಲಿ ಈ ವಿವೇಕಕ್ಕೆ ಹತ್ತಿರ ಬರುವುದು ಹಳೆಯದಾದ ವಿಕಿ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಶುರುಮಾಡಿದ್ದು. ನಮ್ಮ ಕನ್ನಡ ವಿಕಿಪೀಡಿಯ 2003ರದು. ನೋಡಲು ಒಣ, ಕಲಿಯಲು ಕಿರಿಕಿರಿ. ಆದರೆ ಅಲ್ಲಿ ಪ್ರತಿ ಪುಟಕ್ಕೂ ಬೆನ್ನಿಗೆ ಒಂದು ‘ಚರ್ಚೆ’ ಪುಟವಿದೆ. ತಿದ್ದಿ ಉಳಿಸುವಾಗ ಏನು ತಿದ್ದಿದೆ, ಯಾಕೆ ಎಂದು ಒಂದು ಸಾಲು ಬರೆಯಲು ಜಾಗವಿದೆ. ಡಾಕ್ಸಿನ ಹಿಸ್ಟರಿ ‘ಯಾರು, ಯಾವಾಗ’ ಎಂದು ದಾಖಲಿಸುತ್ತದೆ; ವಿಕಿ ‘ಯಾಕೆ’ ಎಂದೂ ಕೇಳುತ್ತದೆ. ಆ ಪ್ರಶ್ನೆ ನನ್ನ ಎದುರಿಗೆ ಬಂದಿದ್ದರೆ, ಅಣ್ಣನ ಕಾಮೆಂಟಿನ ಮೇಲೆ ಅಷ್ಟು ಸಲೀಸಾಗಿ ಬೆರಳು ಒತ್ತುತ್ತಿರಲಿಲ್ಲವೇನೋ. ಹಾಗೆಂದು ಡಾಕ್ಸನ್ನು ಬಿಟ್ಟುಬಿಡಿ ಎನ್ನಲಾರೆ. ಅದರಲ್ಲೂ 2014ರಿಂದ ‘ಸಜೆಸ್ಟ್’ ಎಂಬ ಕ್ರಮವಿದೆ. ತಿದ್ದುಪಡಿ ಸೂಚನೆಯಾಗಿ ನಿಲ್ಲುತ್ತದೆ, ಒಪ್ಪುವುದೋ ಬಿಡುವುದೋ ಇನ್ನೊಬ್ಬರ ಕೈಯಲ್ಲಿರುತ್ತದೆ. ನಾನು ಅದನ್ನು ಬಳಸಲಿಲ್ಲ, ಅವಸರವಿತ್ತು.

ಮೌಲ್ಯಮಾಪಕರಿಗೆ ಅಣ್ಣನ ನೋಟ್‌ಬುಕ್ಕನ್ನೇ ತೋರಿಸಿದೆವು. ಅವರು ಪುಟ ತಿರುವಿ ನೋಡಿದರು, ಮೆಚ್ಚಿದರು, ಅಂಕ ಬದಲಿಸಲು ನಿಯಮವಿಲ್ಲ ಎಂದರು. ಅಣ್ಣನಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. “ನನಗೆ ಈ ವಯಸ್ಸಲ್ಲಿ ಅಂಕ ಯಾಕೆ ಮಾರಾಯಾ. ಆ ಮೇಷ್ಟ್ರ ಹೆಸರು ಸರಿ ಬರೆದಿದ್ದೀಯಲ್ಲ?” ಎಂದು ಕೇಳಿದರು. ಬರೆದಿದ್ದೆ. ಆದರೆ ಅವರನ್ನು ಹುಡುಕಿಕೊಂಡು ಹೋದವರ ಹೆಸರು ಎಲ್ಲೂ ಬರೆದಿರಲಿಲ್ಲ.

ಈ ಸೆಮಿಸ್ಟರಿನಲ್ಲಿ ನಾವು ಐವರೂ ಮತ್ತೆ ಒಂದೇ ಗುಂಪು. ಉಪಕರಣ ಡಾಕ್ಸೇ. ಮೊದಲ ಪುಟದಲ್ಲಿ ಒಂದು ಸಣ್ಣ ಪಟ್ಟಿ ಹಾಕಿದ್ದೇವೆ: ಹೋದವರು, ಕೇಳಿದವರು, ಹೇಳಿದವರು, ಟೈಪು ಮಾಡಿದವರು, ತಿದ್ದಿದವರು. ನೋಟ್‌ಬುಕ್ಕಿನ ಫೋಟೊ ಆಯಾ ಭಾಗದ ಕೆಳಗೇ ಇರುತ್ತದೆ. ಇನ್ನೊಬ್ಬರ ಸಾಲನ್ನು ಸಜೆಸ್ಟ್‌ನಲ್ಲಿ ಮಾತ್ರ ಮುಟ್ಟಬೇಕು. ಕಾಮೆಂಟು ಹಾಕಿದವರೇ ರಿಸಾಲ್ವ್ ಒತ್ತಬೇಕು. ಶನಿವಾರ ರಾತ್ರಿ ಕಾಲ್‌ನಲ್ಲಿ ಎಲ್ಲರೂ ಬರೆದದ್ದನ್ನು ಗಟ್ಟಿಯಾಗಿ ಓದುತ್ತೇವೆ. ವಾಶಿಯ ಹುಡುಗ ಈಗ ಎಲ್ಲರ ಎದುರಿಗೇ ತಪ್ಪಿ ತಪ್ಪಿ ಬರೆಯುತ್ತಾನೆ.

ಹಳೆಯ ಪ್ರಬಂಧವನ್ನೂ ತೆರೆದೆ. ಅಂಕ ಬಂದಾಗಿದೆ, ಇನ್ನು ಯಾರೂ ಓದಲಿಕ್ಕಿಲ್ಲ. ಕಾಮೆಂಟುಗಳ ಇತಿಹಾಸದಲ್ಲಿ ಅಣ್ಣನ ಆ ಮಾತು ಹಾಗೇ ಇತ್ತು. ಅದನ್ನು ಮತ್ತೆ ತೆರೆದು, ಅವರ ಹೆಸರಿನ ಸಮೇತ ಕೊನೆಯ ಭಾಗಕ್ಕೆ ಸೇರಿಸಿದೆ. ನನ್ನ ಎರಡು ಪುಟದ ಗೋಳನ್ನು ಅರ್ಧ ಪುಟಕ್ಕೆ ಇಳಿಸಿದೆ. ಓಟ್ಲನ್ನು ಓಟ್ಲಾಗಿಯೇ ವಾಪಸು ಬರೆದೆ. ಹಿಸ್ಟರಿ ತೆರೆದು ನೋಡಿದರೆ ಇವೂ ನನ್ನ ಬಣ್ಣದಲ್ಲೇ ಕಾಣುತ್ತಿವೆ.