‘ಕುರುಕ್ಷೇತ್ರ’ ಚಲಚ್ಚಿತ್ರ: ದೃಶ್ಯವೈಭವ ಮತ್ತು ಕಥಾನಿರ್ವಹಣೆ

ಪುರಾಣೇತಿಹಾಸಗಳ ವೀರರನ್ನು ಅಪಾರ ವೆಚ್ಚದಿಂದಲೂ ಯಂತ್ರಕೌಶಲದಿಂದಲೂ ತೆರೆಯ ಮೇಲೆ ತಂದು ನಿಲ್ಲಿಸುವ ಚಲಚ್ಚಿತ್ರಗಳು ಈಚಿನ ವರ್ಷಗಳಲ್ಲಿ ಒಂದರ ಹಿಂದೊಂದು ಬರುತ್ತಿವೆ. ‘ಬ್ರಹ್ಮಾಸ್ತ್ರ’ (2022), ‘ಆದಿಪುರುಷ್’ (2023), ‘ಕಲ್ಕಿ 2898 ಎ.ಡಿ.’ (2024) ಮೊದಲಾದವನ್ನು ನೋಡಿ ಬಂದವರಲ್ಲಿ ಹಲವರು ಆಡುವ ಮಾತು ಒಂದೇ: ಕಣ್ಣಿಗೆ ಹಬ್ಬ, ಕಥೆ ಮಾತ್ರ ಸಪ್ಪೆ. ಈ ಮಾತು ದಿಟವಿರಬಹುದು. ಆದರೆ ವಿಮರ್ಶೆ ಅಷ್ಟಕ್ಕೇ ನಿಲ್ಲುವುದು ಉಚಿತವಲ್ಲ. ವೈಭವ ಹೆಚ್ಚಿದುದರಿಂದಲೇ ಕಥೆ ಸೊರಗಿತೆ, ಅಥವಾ ಸೊರಗಿದ ಕಥೆಯನ್ನು ಮರೆಸುವುದಕ್ಕಾಗಿ ವೈಭವ ಬಂದಿತೆ ಎಂಬುದನ್ನು ವಿವೇಚಿಸಬೇಕು. ಈ ವಿವೇಚನೆಗೆ ಕನ್ನಡದಲ್ಲಿ ತಕ್ಕ ಕೃತಿಯೆಂದರೆ 2019ರ ಆಗಸ್ಟ್ 9ರಂದು ತೆರೆಕಂಡ, ನಾಗಣ್ಣನವರ ನಿರ್ದೇಶನದ ‘ಕುರುಕ್ಷೇತ್ರ’. ರನ್ನನ ‘ಗದಾಯುದ್ಧ’ವೇ ಇದಕ್ಕೆ ಆಧಾರವೆಂದು ಪ್ರಚಾರವಾಗಿದ್ದುದರಿಂದ ಒರೆಗಲ್ಲಿಗಾಗಿ ನಾವು ಬೇರೆಡೆ ಹುಡುಕಬೇಕಾಗಿಲ್ಲ.

ದೃಶ್ಯವೈಭವವು ನಮಗೆ ಹೊಸದಲ್ಲ. ಚಾಮರಾಜಪೇಟೆಗೆ ಸಮೀಪದ ಸಿಟಿ ಮಾರ್ಕೆಟ್ಟಿನ ಬಳಿ ಇದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಲಂಕಾಯುದ್ಧದ ಕಥೆ. ಅದರ ಪ್ರತಿ ಇಂದು ಉಳಿದಿಲ್ಲವಾದ್ದರಿಂದ ಗುಣದೋಷಗಳನ್ನು ನಿರ್ಣಯಿಸಲಾಗದು. ಆದರೂ ಚಿತ್ರಕ್ಕೆ ಇಟ್ಟ ಹೆಸರು ಯುದ್ಧ ಮಾಡಿದ ಇಂದ್ರಜಿತುವಿನದಲ್ಲ, ಆ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳದು ಎಂಬುದು ಗಮನಾರ್ಹ. ಗುಬ್ಬಿ ವೀರಣ್ಣನವರ ಕಂಪನಿಯಂತೂ ತನ್ನ ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆಯನ್ನು ನೋಡಲೆಂದೇ ಬಂದ ಪ್ರೇಕ್ಷಕರೂ ಇದ್ದಿರಲೇಬೇಕು. ಆದರೆ ರಂಗದ ಮೇಲೆ ಆನೆ ಬಹಳ ಹೊತ್ತು ನಿಲ್ಲಲಾರದು. ಅದು ಹಿಂತಿರುಗಿದ ಮೇಲೆ ಸಭೆಯನ್ನು ಹಿಡಿದಿಡಬೇಕಾದದ್ದು ನಟನ ಮಾತು ಮತ್ತು ಹಾಡು. ಸಾಧನಗಳ ಈ ಮಿತಿಯೇ ಕಥೆಗೆ ಎಡೆಮಾಡಿಕೊಟ್ಟಿತು. ಗಣಕಯಂತ್ರವು ಬರೆದ ಆನೆಗಾದರೋ ದಣಿವಿಲ್ಲ. ಅದನ್ನು ಯಾವಾಗ ಹಿಂದಕ್ಕೆ ಕಳುಹಬೇಕೆಂಬ ವಿವೇಕವನ್ನು ಇಂದಿನ ನಿರ್ದೇಶಕನು ತಾನೇ ತಂದುಕೊಳ್ಳಬೇಕು.

ಇನ್ನು ರನ್ನನನ್ನು ನೋಡೋಣ. 10ನೆಯ ಶತಮಾನದ ಕೊನೆಯ ಭಾಗದ ಈ ಕವಿಗೂ ದೃಶ್ಯವೈಭವದಲ್ಲಿ ಸಂಕೋಚವಿರಲಿಲ್ಲ. ಆದರೆ ಅವನು ಹದಿನೆಂಟು ದಿನಗಳ ಯುದ್ಧವನ್ನು ಕ್ರಮವಾಗಿ ಹೇಳುತ್ತ ಹೋಗಲಿಲ್ಲ. ಎಲ್ಲವೂ ಮುಗಿಯುತ್ತ ಬಂದ ಗಳಿಗೆಯನ್ನು ಆರಿಸಿಕೊಂಡು, ಹಿಂದಿನದನ್ನೆಲ್ಲ ಸಿಂಹಾವಲೋಕನಕ್ರಮದಿಂದ ತಂದನು. ಭೀಷ್ಮನನ್ನು ಕಾಣಲೆಂದು ದುರ್ಯೋಧನನು ಸಂಜಯನೊಡನೆ ಕಾಲ್ನಡೆಯಲ್ಲಿ ರಣರಂಗವನ್ನು ದಾಟುವ ಭಾಗ ಕಾವ್ಯದ ಹೃದಯ. ಅಲ್ಲಿ ಹೆಣಗಳಿವೆ, ನೆತ್ತರಿದೆ, ಮುರಿದ ರಥಗಳಿವೆ. ಇವನ್ನು ನೋಡುವ ಕಣ್ಣು ದುರ್ಯೋಧನನದು; ಎಡವುವ ಕಾಲೂ ಅವನದೇ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ—ಒಂದೊಂದು ದೇಹದೆದುರಿಗೂ ಅವನು ನಿಲ್ಲಬೇಕಾಗುತ್ತದೆ, ಒಂದೊಂದೂ ಅವನಿಂದ ಒಂದು ಮಾತನ್ನು ಹೊರಡಿಸುತ್ತದೆ. ಹಗೆಯ ಮಗನಾದ ಅಭಿಮನ್ಯುವಿನ ಸಾವನ್ನು ಕಂಡು ತನಗೂ ಅಂತಹ ಮರಣ ಬರಲೆಂದು ಹಾರೈಸುವಾಗ ಅವನ ಪಾತ್ರ ಓದುಗನ ಮುಂದೆಯೇ ಬೆಳೆಯುತ್ತದೆ. ಇಲ್ಲಿ ದೃಶ್ಯವನ್ನೂ ಕಥೆಯನ್ನೂ ಬೇರ್ಪಡಿಸಲು ಬಾರದು.

ಚಲಚ್ಚಿತ್ರದಲ್ಲಿ ಈ ಬೆಸುಗೆ ಬಿಟ್ಟಿದೆ. ದ್ಯೂತ, ಅಭಿಮನ್ಯುವಧೆ, ಕರ್ಣಾವಸಾನ, ಊರುಭಂಗಗಳನ್ನೆಲ್ಲ ಸುಮಾರು 3 ಗಂಟೆಗಳ ಅವಧಿಯಲ್ಲಿ ಅಳವಡಿಸುವ ಹಂಬಲದಿಂದ ಯಾವ ಒಂದು ಪ್ರಸಂಗಕ್ಕೂ ಪರಿಪಾಕವಾಗುವಷ್ಟು ಕಾಲ ದೊರೆತಿಲ್ಲ. ದುರ್ಯೋಧನನಾಗಿ ದರ್ಶನ್, ಕರ್ಣನಾಗಿ ಅರ್ಜುನ್ ಸರ್ಜಾ, ಕೃಷ್ಣನಾಗಿ ರವಿಚಂದ್ರನ್, ಅಭಿಮನ್ಯುವಾಗಿ ನಿಖಿಲ್ ಕುಮಾರ್ ಹೀಗೆ ಪ್ರಸಿದ್ಧ ನಟರ ಒಂದು ಪಂಕ್ತಿಯೇ ಇರುವುದರಿಂದ ಒಬ್ಬೊಬ್ಬರ ಪ್ರವೇಶವೂ ಒಂದೊಂದು ಉತ್ಸವವಾಗುತ್ತದೆ. ಉತ್ಸವ ಮುಗಿಯುವುದರೊಳಗೆ ಕಥೆ ಮುಂದಿನ ಪ್ರಸಂಗಕ್ಕೆ ಸರಿಯಬೇಕು. ಸೇನಾಸಾಗರವನ್ನು ಆಕಾಶದೆತ್ತರದಿಂದ ತೋರಿಸುತ್ತಾರೆ. ಮೂರು ಆಯಾಮಗಳ ತಂತ್ರದಿಂದ ಅಸ್ತ್ರಗಳು ಪ್ರೇಕ್ಷಕನ ಮುಖದತ್ತ ಹಾಯುತ್ತವೆ. ಆದರೆ ಅದನ್ನು ಕಂಡು ಕಥೆಯೊಳಗೆ ಯಾರ ಮನಸ್ಸು ಕಲಕಿತು ಎಂದು ಕೇಳಿದರೆ ಉತ್ತರ ದೊರೆಯದು. ಚಿತ್ರದಲ್ಲಿ ಸತ್ತ್ವವಿಲ್ಲವೆಂದಲ್ಲ. ಕರ್ಣ ದುರ್ಯೋಧನರ ಸ್ನೇಹದ ಸನ್ನಿವೇಶಗಳಲ್ಲಿ ಗದ್ದಲವಡಗಿ ಇಬ್ಬರು ಮನುಷ್ಯರು ಕಾಣಿಸುತ್ತಾರೆ. 2018ರ ನವೆಂಬರಿನಲ್ಲಿ ತೀರಿಕೊಂಡ ಅಂಬರೀಷರನ್ನು ಭೀಷ್ಮನಾಗಿ ನೋಡುವಾಗ ಪ್ರೇಕ್ಷಕನ ಮನಸ್ಸು ತಾನಾಗಿ ಆರ್ದ್ರವಾಗುತ್ತದೆ. ಆದರೆ ಅದು ಕಾಲ ಕೊಟ್ಟ ಕರುಣೆ, ಕಥೆ ಸಂಪಾದಿಸಿದ್ದಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಅಂಶ ತೋರುತ್ತದೆ. ರನ್ನನು ಆಶ್ರಿತ ಕವಿ. ‘ಸಾಹಸಭೀಮ’ನೆಂಬ ಬಿರುದಿದ್ದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂದೇ ಹೆಸರಿಟ್ಟನು. ಭೀಮನನ್ನು ಮೆರೆಸಬೇಕಾದ ಋಣ ಅವನ ಮೇಲಿತ್ತು. ಅದನ್ನು ಸಲ್ಲಿಸಿಯೂ ಸೋಲುವವನ ಘನತೆಯನ್ನು ಅವನು ಕುಗ್ಗಿಸಲಿಲ್ಲ; ಕಾವ್ಯದ ಬಿಗಿ ಹುಟ್ಟಿದ್ದು ಈ ಎಳೆದಾಟದಿಂದ. ಇಂದಿನ ಆಶ್ರಯದಾತನು ಅರಸನಲ್ಲ, ತಾರೆಯ ಅಭಿಮಾನಿವರ್ಗ. ‘ಕುರುಕ್ಷೇತ್ರ’ವು ಕಥಾನಾಯಕ ನಟನ 50ನೆಯ ಚಿತ್ರವೆಂದು ಪ್ರಸಿದ್ಧವಾಯಿತು. ದುರ್ಯೋಧನನನ್ನು ನಾಯಕನನ್ನಾಗಿ ಮಾಡಿದ್ದು ದಿಟ್ಟ ಹೆಜ್ಜೆಯೇ ಸರಿ. ಆದರೆ ಅಭಿಮಾನಿಗಳು ಮೆಚ್ಚಿದ ನಾಯಕನು ತಪ್ಪುಮಾಡಿದವನಾಗಿ ಕಾಣಬಾರದೆಂಬ ಅಳುಕು ಚಿತ್ರದುದ್ದಕ್ಕೂ ಇದೆ. ತಪ್ಪಿನ ಭಾರವನ್ನು ಹೊರದ ದುರ್ಯೋಧನನಿಗೆ ಪತನವೂ ಇಲ್ಲ. ತೊಡೆ ಮುರಿಯುತ್ತದೆ, ಅಷ್ಟೆ. ರನ್ನನು ತನ್ನ ಆಶ್ರಯದ ಋಣವನ್ನು ಮೀರಿದನು. ಚಿತ್ರವು ತನ್ನದಕ್ಕೆ ಮಣಿಯಿತು.

ಹಾಗಾದರೆ ರನ್ನನನ್ನು ಇಂದಿನ ಪ್ರೇಕ್ಷಕನಿಗೆ ಒಗ್ಗಿಸುವುದು ಅಸಾಧ್ಯವೆನ್ನಬೇಕೆ? ಬಿ.ಎಂ.ಶ್ರೀಯವರು 1926ರಲ್ಲಿಯೇ ಅದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಎಂಬ ದುರಂತ ನಾಟಕವನ್ನು ರೂಪಿಸಿದರು. ಬಸವನಗುಡಿಗೆ ಹೊಂದಿದ ನರಸಿಂಹರಾಜ ಕಾಲೋನಿಯಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಆ ನಾಟಕ ಚಿತ್ರಕಾರರಿಗೆ ದೂರದ ವಸ್ತುವಾಗಿರಲಿಲ್ಲ.

ಈ ಚರ್ಚೆ ಕೇವಲ ಮನರಂಜನೆಗೆ ಸಂಬಂಧಿಸಿದ್ದಲ್ಲ. ಹಿಂದಿನ ತಲೆಮಾರಿನ ಅನೇಕರಿಗೆ ಭಾರತಕಥೆ ಗಮಕವಾಚನದಿಂದ, ಹಿರಿಯರ ಬಾಯಿಂದ ಬಂದಿತು. ನಮ್ಮ ತರಗತಿಗಳಿಗೆ ಬರುವ ಅನೇಕ ತರುಣರಿಗೆ ಅದು ಮೊದಲು ಬರುವುದು ತೆರೆಯಿಂದ. ದುರ್ಯೋಧನನ ಸೋಲಿಗೆ ಕಾರಣವೇನೆಂದು ಕೇಳಿದರೆ ಗದೆಯ ಪೆಟ್ಟನ್ನು ಮಾತ್ರ ವರ್ಣಿಸುವ ವಿದ್ಯಾರ್ಥಿಯನ್ನು ಹಳಿದು ಫಲವಿಲ್ಲ. ಅವನು ಕಂಡದ್ದು ಅಷ್ಟೇ. ಅಧ್ಯಾಪಕರು ಚಿತ್ರವನ್ನು ನಿಷೇಧಿಸಬೇಕಾಗಿಲ್ಲ. ರಣರಂಗದ ನಡಿಗೆಯ ಪದ್ಯಗಳನ್ನು ಅದರ ಪಕ್ಕದಲ್ಲಿರಿಸಿ, ಈ ಯುದ್ಧವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬ ಒಂದೇ ಪ್ರಶ್ನೆಯನ್ನು ಎರಡಕ್ಕೂ ಹಾಕಿದರೆ ಸಾಕು. ಉಳಿದುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳುತ್ತಾನೆ.