ನೆಟ್ಟಗಾದ ಪುಟ, ಮುಚ್ಚಿಹೋದ ಸೀಳು

ಹಳೆಯ ಪುಸ್ತಕವೊಂದರ ಸ್ಕ್ಯಾನ್ ಪ್ರತಿಯನ್ನು ಓದುತ್ತಿದ್ದೆ. ಎಡಪುಟದ ಸಾಲೊಂದರ ಕೊನೆಯಲ್ಲಿ 'ದನ' ಎಂದಿತ್ತು. ತ್ಯಾಗದ ಮಾತಿನ ನಡುವೆ ದನ ಎಲ್ಲಿಂದ ಬಂತು? ಗ್ರಂಥಾಲಯದಲ್ಲಿ ಅಚ್ಚಿನ ಪ್ರತಿ ತೆಗೆದು ನೋಡಿದರೆ ಅಲ್ಲಿದ್ದದ್ದು 'ಧನ'. ಅಕ್ಷರದ ಅಡಿಯ ಕೂದಲೆಳೆಯಷ್ಟು ಸೀಳು ಪರದೆಯ ಮೇಲೆ ಮುಚ್ಚಿಹೋಗಿತ್ತು. ಪುಟ ಮಾತ್ರ ಗೆರೆ ಎಳೆದಷ್ಟು ನೆಟ್ಟಗಿತ್ತು.

ದಪ್ಪ ಪುಸ್ತಕವನ್ನು ತೆರೆದಿಟ್ಟರೆ ಹಾಳೆ ಹೊಲಿಗೆಯ ಕಡೆಗೆ ಬಾಗಿ ಇಳಿಯುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅಲ್ಲಿನ ಅಕ್ಷರಗಳು ಇಕ್ಕಟ್ಟಾಗಿ, ನೆರಳು ಕವಿದು ಕಾಣುತ್ತವೆ. ಇದನ್ನು ಸರಿಪಡಿಸುವ ತಂತ್ರಾಂಶ ಸಾಲುಗಳ ಬಾಗನ್ನು ಅಳೆದು, ಹಾಳೆಯ ಆಕಾರವನ್ನು ಊಹಿಸಿ, ಇಕ್ಕಟ್ಟಾದದ್ದನ್ನು ಹಿಗ್ಗಿಸುತ್ತದೆ. ಹಾಳೆಯ ಮೇಲೆ ಅತಿಗೆಂಪು ಬೆಳಕಿನ ವಿನ್ಯಾಸ ಬೀರಿ ಉಬ್ಬುತಗ್ಗನ್ನು ಅಳೆಯುವ ವಿಧಾನಕ್ಕೆ ಗೂಗಲ್ 2009ರಲ್ಲಿ ಪೇಟೆಂಟ್ ಪಡೆಯಿತು. ಆಕಾರ ಎಷ್ಟೇ ನಿಖರವಾಗಿ ತಿಳಿದರೂ, ಹಿಗ್ಗಿಸಿದಾಗ ಉಂಟಾಗುವ ತೆರಪನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಲೆಕ್ಕಹಾಕಿಯೇ ತುಂಬಬೇಕು. ಕ್ಯಾಮೆರಾ ಕಾಣದ್ದನ್ನು ಗಣಿತ ಬರೆಯುತ್ತದೆ. ನನ್ನ 'ಧನ' ಕಳೆದದ್ದು ಬಹುಶಃ ಇಲ್ಲಿಯೇ.

ಕನ್ನಡಕ್ಕೆ ಇದು ಸಣ್ಣ ಸಂಗತಿಯಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಬಿದ್ದಿರುತ್ತವೆ. ಅಕ್ಷರಗಳ ಬುಡವನ್ನು ಹಿಡಿದು ಸಾಲನ್ನು ಗುರುತಿಸುವ ತಂತ್ರಾಂಶ ಇಲ್ಲಿ ಎಡವುವ ಸಂಭವ ಹೆಚ್ಚು. ಮಹಾಪ್ರಾಣದ ಸೀಳು, ದೀರ್ಘದ ಕೊಂಬು, ಇವೆಲ್ಲ ಕೆಲವೇ ಚುಕ್ಕೆಗಳ ಬಾಳು.

ಹಾಗೆಂದು ತಿದ್ದುವುದೇ ತಪ್ಪೆನ್ನಲಾರೆ. ಬಾಗಿದ ಚಿತ್ರವೂ ಕ್ಯಾಮೆರಾ ನಿಂತ ಕೋನದ ಫಲವೇ ಹೊರತು ಮೂಲವಲ್ಲ. 1970ರಲ್ಲಿ ಇಸ್ರೇಲಿನ ಐನ್ ಗೆದಿಯಲ್ಲಿ ಸಿಕ್ಕ ಸುಟ್ಟು ಕರಕಲಾದ ಚರ್ಮದ ಸುರುಳಿಯನ್ನು ಮುಟ್ಟಿದರೆ ಪುಡಿಯಾಗುತ್ತಿತ್ತು. ಬ್ರೆಂಟ್ ಸೀಲ್ಸ್ ಅವರ ತಂಡ ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿ, ಪದರಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿ ಚಪ್ಪಟೆಗೊಳಿಸಿದಾಗ ಬೈಬಲ್ಲಿನ 'ಯಾಜಕಕಾಂಡ'ದ ಸಾಲುಗಳು ಕಂಡವು. ಆ ವರದಿ 2016ರಲ್ಲಿ ಪ್ರಕಟವಾಯಿತು. ಚಪ್ಪಟೆ ಮಾಡದಿದ್ದರೆ ಅಲ್ಲಿ ಪಠ್ಯವೇ ಇರುತ್ತಿರಲಿಲ್ಲ.

ಆದರೆ ಎಲ್ಲ ಬಾಗೂ ಒಂದೇ ಬಗೆಯದಲ್ಲ. ಸುತ್ತಿಟ್ಟ ಚಾಪೆ ಬಿಚ್ಚಿದರೆ ನೆಲಕ್ಕೆ ಸಪಾಟಾಗಿ ಹಾಸಿಕೊಳ್ಳುತ್ತದೆ. ಮೂಸಂಬಿಯ ಸಿಪ್ಪೆಯನ್ನು ಒತ್ತಿದರೆ ಹರಿಯುತ್ತದೆ. 1827ರಲ್ಲಿ ಗಣಿತಜ್ಞ ಗೌಸ್ ಸಾಧಿಸಿ ತೋರಿಸಿದ್ದರ ಸಾರ ಇದು. ಪುಸ್ತಕದ ಹಾಳೆ ಚಾಪೆಯ ಜಾತಿ. ನೀರು ಕುಡಿದು ಉಬ್ಬಿದ ಹಾಳೆ, ಸವೆದ ಶಾಸನದ ಕಲ್ಲು ಸಿಪ್ಪೆಯ ಜಾತಿ. ಅವನ್ನು ಚಪ್ಪಟೆಗೊಳಿಸುವಾಗ ಉದ್ದವೋ ಕೋನವೋ ಯಾವುದನ್ನಾದರೂ ಬಿಟ್ಟುಕೊಡಲೇಬೇಕು. ಕಲ್ಲಿನ ಮೇಲೆ ಒದ್ದೆ ಕಾಗದ ಹೊಡೆದು, ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳೂ ಹೀಗೆ ಬಿಟ್ಟುಕೊಟ್ಟೇ ನಮಗೆ ಶಾಸನಗಳನ್ನು ಓದಿಸಿದವು. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ: ಕಲ್ಲಿನ ಉಬ್ಬುತಗ್ಗು ಉಳಿದುಕೊಳ್ಳುತ್ತದೆ, ಓದುವವನು ತನ್ನ ಅನುಮಾನದೊಂದಿಗೆ ಮತ್ತೆ ಅಲ್ಲಿಗೆ ಹೋಗಬಹುದು.

ಏನನ್ನು ಬಿಡಬೇಕು ಎಂಬ ಆಯ್ಕೆ ಇರುವಲ್ಲಿ ಸಂಪಾದನೆ ಇದೆ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಬರೆದು ಶಾಸ್ತ್ರವಾಗಿಸಿದ ಶಿಸ್ತಿನಲ್ಲಿ ಸಂಪಾದಕ ತಾನು ಒಪ್ಪಿದ ಪಾಠವನ್ನು ಮೇಲಿಡುತ್ತಾನೆ, ಒಪ್ಪದ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಅವನ ತಪ್ಪನ್ನು ಮುಂದಿನವನು ಹಿಡಿಯುವುದು ಆ ಅಡಿಟಿಪ್ಪಣಿಯಿಂದ. ನಮ್ಮ ಅಂತರ್ಜಾಲ ಸಂಗ್ರಹಗಳಲ್ಲಿ ಎಷ್ಟೋ ಬಾರಿ ತಿದ್ದಿದ ಚಿತ್ರ ಮಾತ್ರ ಉಳಿದು, ಬಾಗಿದ ಮೊದಲ ಚಿತ್ರ ಅಳಿದುಹೋಗುತ್ತದೆ. ಜಾಗದ ಉಳಿತಾಯವೇನೋ ಆಗುತ್ತದೆ, ಸಾಕ್ಷಿ ನಾಶವಾಗುತ್ತದೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟೇ: ನೆಟ್ಟಗಿನ ಪುಟದ ಪಕ್ಕದಲ್ಲಿ ಸೊಟ್ಟ ಪುಟವೂ ಇರಲಿ. ನನ್ನ ಅದೃಷ್ಟಕ್ಕೆ ಆ ಪುಸ್ತಕದ ಅಚ್ಚಿನ ಪ್ರತಿ ಗ್ರಂಥಾಲಯದಲ್ಲಿತ್ತು. ಅದು ಗೆದ್ದಲು ತಿಂದು ಹೋದ ಮೇಲೆ ಓದುವವನಿಗೆ 'ದನ'ವೇ ಮೂಲಪಾಠ. ಅವನು ಅದಕ್ಕೊಂದು ಅರ್ಥವನ್ನೂ ಹಚ್ಚುತ್ತಾನೆ.