ಹೊಸ ಕೈಗೆ ಅಗ್ಗದ ಕತ್ತಿ

ಈ ಪುಟದಲ್ಲಿ ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವುದು ವಾಡಿಕೆ. ಈ ಸಲ ನಾವು ಕ್ಷೌರದ ಕತ್ತಿಯೊಂದನ್ನು ಕೈಗೆತ್ತಿಕೊಂಡಿದ್ದೇವೆ. ಓದುಗರು ನಗಬಾರದು. ನಮ್ಮ ಕನ್ನಡ ಮನೆಗಳ ಕೆಲವು ತರುಣರು ಹಳೆಯ ಮಾದರಿಯ ಮಡಚುವ ಕತ್ತಿಯಿಂದ ತಾವೇ ಗಡ್ಡ ಹೆರೆದುಕೊಳ್ಳುವ ಹವ್ಯಾಸ ಹಿಡಿದಿದ್ದಾರೆ; ಹಿಡಿದಷ್ಟೇ ಬೇಗ ಬಿಟ್ಟವರೂ ಇದ್ದಾರೆ. ಬಿಟ್ಟವರದೆಲ್ಲ ಒಂದೇ ಮಾತು: “ನಮ್ಮ ಕೈಗೆ ಒಗ್ಗಲಿಲ್ಲ.” ತಪ್ಪು ಕೈಯದೋ ಕತ್ತಿಯದೋ ಎಂದು ವಿಚಾರಿಸಿದವರು ಕಡಿಮೆ.

ಮೊದಲು ಒಂದು ಗೊಂದಲ ಕಳೆಯಬೇಕು. ಇಲ್ಲಿ ಉಳ್ಳೂರಿನ ಕ್ಷೌರದಂಗಡಿಗಳಲ್ಲಿ ಇಂದು ಕಾಣುವುದು ಬ್ಲೇಡು ಸಿಕ್ಕಿಸುವ ಹಿಡಿ. ಹೆಪಟೈಟಿಸ್-ಬಿ, ಎಚ್.ಐ.ವಿ.ಗಳಂಥ ಸೋಂಕು ರಕ್ತದ ಮೂಲಕ ಹರಡೀತೆಂಬ ಎಚ್ಚರದಿಂದ ಗಿರಾಕಿಗೊಂದು ಹೊಸ ಬ್ಲೇಡು ಹಾಕುವುದು ರೂಢಿಗೆ ಬಂದಿದೆ, ಅದು ಒಳ್ಳೆಯದೇ. ನಾವು ಹೇಳುತ್ತಿರುವುದು ಊರಿನ ಜಗಲಿಯಲ್ಲಿ ಕ್ಷೌರಿಕರು ಹಡಪ ಬಿಚ್ಚಿ, ತೊಗಲಿಗೆ ಮಸೆದು ಹಿಡಿಯುತ್ತಿದ್ದ ಕತ್ತಿಯ ವಿಚಾರ. ಅದಕ್ಕೆ ಬ್ಲೇಡಿಲ್ಲ, ಸಾಣೆಯೇ ಅದರ ಜೀವ.

ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್ ಈ ಕತ್ತಿಗಳಿಗೆ ಹೆಸರಾದ ಊರುಗಳು. ಅಲ್ಲಿನ ಹೊಸ ಕತ್ತಿ ದುಬಾರಿ. ಆದ್ದರಿಂದ ಹೊಸಬರು ಅಂಚೆಯಲ್ಲಿ ಅಗ್ಗದ ಕತ್ತಿ ತರಿಸುತ್ತಾರೆ. ಅಂಥದೊಂದನ್ನು ನಾವೂ ಪರೀಕ್ಷಿಸಿದೆವು. ತಯಾರಕರ ಹೆಸರು ಇಲ್ಲಿ ಬೇಡ. ಕನ್ನಡಿಯಂಥ ಹೊಳಪು, ಅಲಗಿನ ಮೇಲೆ ಹೂಬಳ್ಳಿ, ಅಂದವಾದ ಪೆಟ್ಟಿಗೆ. ಗಾಜಿನ ಹಲಗೆಯ ಮೇಲೆ ಮಲಗಿಸಿದೊಡನೆ ಬಣ್ಣ ಬಯಲಾಯಿತು. ಬೆರಳು ತಾಗಿಸಿದರೆ ಉಯ್ಯಾಲೆಯಂತೆ ಅಲುಗಿತು. ಬೆನ್ನು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು.

ಇದೇಕೆ ದೊಡ್ಡ ದೋಷವೆಂದರೆ, ಈ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಿಯೇ ಮಸೆಯಬೇಕು. ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಾಗಿರುತ್ತವೆ. ಬಾಯಿಯ ಕೋನ ಸುಮಾರು 16ರಿಂದ 18 ಡಿಗ್ರಿ. ಅದನ್ನು ನಿರ್ಧರಿಸುವುದು ಅಲಗಿನ ಅಗಲಕ್ಕೆ ತಕ್ಕ ಬೆನ್ನಿನ ದಪ್ಪ. ಬೆನ್ನು ಡೊಂಕಾದರೆ ಒಂದು ಕಡೆ ಹರಿತ, ಒಂದು ಕಡೆ ಮೊಂಡು. ಮೊಂಡು ಭಾಗ ಕೂದಲನ್ನು ಜಗ್ಗುತ್ತದೆ. ಹೊಸಬ ಕೈ ಒತ್ತುತ್ತಾನೆ. ಹರಿತವಾದ ಭಾಗ ಕೆನ್ನೆ ಕೊಯ್ಯುತ್ತದೆ.

ಹಿರಿಯ ಗಾಯಕರು ಶ್ರುತಿ ತಪ್ಪಿದ ಹಾರ್ಮೋನಿಯಮ್ಮನ್ನೂ ಹೇಗೋ ಸುಧಾರಿಸಿಕೊಂಡು ಹಾಡಿಯಾರು. ಸರಳೆ ವರಸೆ ಕಲಿಯುವ ಮಗು ಮಾತ್ರ ತನ್ನ ಕೊರಳೇ ಸರಿಯಿಲ್ಲವೆಂದು ತಿಳಿದು ಹಾಡುವುದನ್ನೇ ಬಿಡುತ್ತದೆ. ಕತ್ತಿಗೂ ಇದೇ ನ್ಯಾಯ. ಪಳಗಿದವನು ಕತ್ತಿಯ ದೋಷವನ್ನು ಕಂಡುಹಿಡಿದು ತಿದ್ದಬಲ್ಲ. ಹೊಸಬ ಅದನ್ನು ತನ್ನ ದೋಷವೆಂದೇ ಎಣಿಸುತ್ತಾನೆ. “ಕಲಿಯುವವನಿಗೆ ಇಷ್ಟು ಸಾಕು” ಎಂಬ ಮಾತನ್ನು ಆದ್ದರಿಂದಲೇ ನಾವು ಒಪ್ಪುವುದಿಲ್ಲ.

ಅಗ್ಗದ ಕತ್ತಿಯಲ್ಲಿ ಕ್ಷಮಿಸಬಹುದಾದ ಕೊರತೆಗಳೂ ಇವೆ. ಪ್ಲಾಸ್ಟಿಕ್ ಹಿಡಿ, ಒರಟು ಮೈ, ಮಾಸಿದ ಅಕ್ಷರ, ಇವು ಕ್ಷೌರಕ್ಕೆ ಅಡ್ಡಿಯಲ್ಲ. ಕ್ಷಮಿಸಬಾರದ್ದು ಡೊಂಕು ಬೆನ್ನು, ಸಡಿಲ ಕೀಲು, ಮಡಚುವಾಗ ಹಿಡಿಯ ಪಕ್ಕಕ್ಕೆ ತಾಗುವ ಬಾಯಿ. ಅಲಗಿನ ಅಗಲ ಅಂಗುಲದ ಎಂಟರಲ್ಲಿ ಐದು ಪಾಲು ಇದ್ದರೆ ಹೊಸಬರಿಗೆ ಹದ. ತುದಿ ಚೂಪಾಗಿರದೆ ದುಂಡಗಿರಬೇಕು. ಹರಿತವನ್ನು ಹೆಬ್ಬೆರಳಿನಿಂದ ನೋಡಬಾರದು.

ಉಕ್ಕಿನ ವಿಷಯದಲ್ಲಿ ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರ್ಬನ್ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ಆದರೆ ತುಕ್ಕಿಗೂ ಬೇಗ ಬಲಿಯಾಗುತ್ತದೆ. ವರ್ಷಕ್ಕೆರಡು ಮಳೆಗಾಲ ಕಾಣುವ ತಿರುವನಂತಪುರದಲ್ಲಿ ಅದನ್ನು ಬಚ್ಚಲಮನೆಯಲ್ಲಿ ಇಟ್ಟರೆ ಬಾಯಿ ಬೇಗನೆ ಹಾಳು. ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿಡಬೇಕು. ಅಷ್ಟು ವ್ಯವಧಾನವಿಲ್ಲದವರಿಗೆ ಸ್ಟೇನ್‌ಲೆಸ್ ಉಕ್ಕು ಲೇಸು.

ಬೆಲೆಯ ಲೆಕ್ಕವೂ ಕತ್ತಿಯೊಂದಿಗೇ ಮುಗಿಯುವುದಿಲ್ಲ. ಅಗ್ಗದ ಕತ್ತಿ ಕ್ಷೌರಕ್ಕೆ ಸಿದ್ಧವಾಗಿ ಬರುವುದು ಅಪರೂಪ. ಮೊದಲು 1000 ನಂಬರಿನ ಕಲ್ಲು, ಕೊನೆಗೆ 8000ದ ನುಣುಪು ಕಲ್ಲು, ಪ್ರತಿಸಲವೂ ತೊಗಲಿನ ಪಟ್ಟಿ, ಇಷ್ಟನ್ನೂ ಕೂಡಿಸಿದರೆ ‘ಅಗ್ಗ’ ಎಂಬ ಮಾತು ಅರ್ಧ ಸುಳ್ಳಾಗುತ್ತದೆ.

ಕೆಟ್ಟರೂ ಚಿಂತೆಯಿಲ್ಲದ ಕತ್ತಿಯಲ್ಲೇ ಕಲಿಯಬೇಕೆಂದು ವಾದಿಸುವವರಿದ್ದಾರೆ. ಸಾಣೆ ಹಿಡಿಯುವುದನ್ನು ಕಲಿಯಲು ಆ ಮಾತು ಸರಿ. ಕ್ಷೌರ ಕಲಿಯಲು ಸರಿಯಲ್ಲ. ಎರಡು ವಿದ್ಯೆಗಳನ್ನು ಒಂದೇ ಕೆನ್ನೆಯ ಮೇಲೆ ಒಟ್ಟಿಗೆ ಅಭ್ಯಾಸ ಮಾಡುವುದು ವಿವೇಕವಲ್ಲ.

ನಮ್ಮ ತೀರ್ಮಾನವಿಷ್ಟು. ಬೆನ್ನು ನೇರವಿದ್ದರೆ ಅಗ್ಗದ ಕತ್ತಿಯೂ ಸಾಕು, ಆದರೆ ಬಲ್ಲವರಿಂದ ಸಾಣೆ ಹಿಡಿಸಿದ ಮೇಲೆಯೇ ಮುಖಕ್ಕೆ ತರಬೇಕು. ಸವೆಯದ, ತುಕ್ಕು ಹತ್ತದ ಹಳೆಯ ಶೆಫೀಲ್ಡ್ ಕತ್ತಿ ಸಿಕ್ಕರೆ ಇನ್ನೂ ಮೇಲು. ನಾವು ತರಿಸಿದ್ದನ್ನು ಯಾರಿಗೂ ಶಿಫಾರಸು ಮಾಡಲಾರೆವು. ಅದನ್ನು ಕೊಂಡು ಕೆನ್ನೆ ಕೊಯ್ದುಕೊಂಡವರು ಹವ್ಯಾಸ ಬಿಡುವ ಮೊದಲು ಕತ್ತಿಯನ್ನೊಮ್ಮೆ ಗಾಜಿನ ಮೇಲೆ ಮಲಗಿಸಿ ನೋಡಲಿ.